ಉಂಡರೆ ಸೊರಗುವ ಗಿಡ

ದೊಡ್ಡಮ್ಮ, ನಮಸ್ಕಾರ. ಕೂತುಕೊಂಡು ಓದಿ, ಇಲ್ಲಿ ನಿಮ್ಮ ಮೇಲೊಂದು ದೂರು ಬಂದಿದೆ.

ಈ ಚಳಿ ದೇಶದಲ್ಲಿ ನಾನು ಕೆಲಸಕ್ಕೆ ಸೇರಿದ ಗಿಡಗಳ ನರ್ಸರಿಯಲ್ಲಿ ಹೀದರ್ ಎಂಬ ಮೊಣಕಾಲೆತ್ತರದ ಪೊದೆಗಳಿವೆ. ಹಿಮ ಬಿದ್ದರೂ ಎಲೆ ಹಸಿರೇ, ಮೈತುಂಬ ನೇರಳೆ ಹೂ. ಬುಡದಲ್ಲಿ ಮಾತ್ರ ಬರೀ ಮರಳು ಮಣ್ಣು. ನಿಮ್ಮ ಕೈತುತ್ತು ತಿಂದು ಬೆಳೆದವಳಲ್ಲವೇ, ಪಾಪ ಅನ್ನಿಸಿ ಒಂದಕ್ಕೆ ಬುಟ್ಟಿ ತುಂಬ ಗೊಬ್ಬರ ಸುರಿದೆ. ಕೆಲವೇ ವಾರಗಳಲ್ಲಿ ಅದೊಂದೇ ಸೊರಗಿತು.

ತೋಟದ ಯಜಮಾನಿ ಸೊಂಟಕ್ಕೆ ಕೈಯಿಟ್ಟು, "ಯಾರಮ್ಮಾ ಇದಕ್ಕೆ ಉಣ್ಣಿಸಿದ್ದು? ಹೊಟ್ಟೆ ತುಂಬಿದ್ರೆ ಇದು ಸತ್ತೇ ಹೋಗುತ್ತೆ!" ಎಂದರು. ನಾನು ಮೆಲ್ಲಗೆ, ಇದು ನಮ್ಮ ದೊಡ್ಡಮ್ಮ ಕಲಿಸಿದ ಅಭ್ಯಾಸ ಎಂದು ತಪ್ಪನ್ನು ನಿಮ್ಮ ಮೇಲೆ ಹಾಕಿಬಿಟ್ಟೆ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನೋದಿ ತಿಂಡಿ ಡಬ್ಬಿ ಕಳಿಸುವುದನ್ನು ನಿಲ್ಲಿಸಿಬಿಡಬೇಡಿ, ನಾನೇನು ಹೀದರ್ ಅಲ್ಲ.

ನಿಮ್ಮ ತಂಗಿಯ ಮಗಳು