ಗೇಟಿನ ತನಕ ಬಂದ ಫಕೀರವ್ವ

ಇಸವಿ ೨೨೧೪, ಧೂಳುಗಾಲದ ಮೂವತ್ತೆರಡನೇ ದಿನ

ಮಾನ್ಯ ಇಂದುಮತಿ ಮೇಡಂ ಅವರಿಗೆ, ನಿಮಗಿಂತ ಸುಮಾರು ಇನ್ನೂರು ವರ್ಷ ಚಿಕ್ಕವಳಾದ ನೇಸರಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಧೂಳುಗಾಲವೆಂದರೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ನಮಗೆ ಹೊಸದಾಗಿ ಗಂಟುಬಿದ್ದ ಋತು. ನನ್ನ ಕನ್ನಡ ಒಡ್ಡೊಡ್ಡಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಸರ್ಕಾರಿ ಕಡತಗಳಿಂದ. ಹಾಗಾಗಿ ಊಟಕ್ಕೆ ಕೂತಾಗಲೂ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬಾಯಿಗೆ ಬಂದುಬಿಡುತ್ತದೆ. ಈ ಕಾಗದ ನಿಮ್ಮ ಮೇಜಿಗೆ ಹೇಗೆ ಬಂತೆಂದು ಕೇಳಬೇಡಿ, ನನಗೂ ಪೂರ್ತಿ ಗೊತ್ತಿಲ್ಲ. ಹಿಂದಿನವರಿಗೆ ಬರೆಯುವ ಇದನ್ನು ನಾವು ಹಿನ್ನೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ನನ್ನ ಗೆಳತಿಯೊಬ್ಬಳು ತನ್ನದನ್ನು ಮುತ್ತಜ್ಜಿಯ ಬಳಿ ಉಪ್ಪಿನಕಾಯಿ ಹಾಕುವ ಬಗೆ ಕೇಳಲು ಖರ್ಚು ಮಾಡಿದಳು. ಉತ್ತರ ಬರುವ ಏರ್ಪಾಡೇ ಇಲ್ಲವೆಂಬುದು ಆಮೇಲೆ ಅವಳಿಗೆ ಹೊಳೆಯಿತು. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ನಾನು ಹಗೇವಿನಲ್ಲಿ ಜೋಡಣೆಗಾರ್ತಿ. ಹಗೇವು ನಿಮಗೆ ಗೊತ್ತಿರಬೇಕು, ನಿಮ್ಮ ಹಿರಿಯರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ. ನಾವು ಅದರಲ್ಲಿ ಹಳೆಯ ಕಾಗದ ತುಂಬಿದ್ದೇವೆ. ಮೇಲಿನ ಸೆಕೆ ಅಲ್ಲಿಗೆ ಇಳಿಯುವುದಿಲ್ಲ. ಬೆಳಿಗ್ಗೆ ರೊಟ್ಟಿ ಪಲ್ಯ ತಿಂದು, ಕೈ ಬೆವರಿ ಕಾಗದ ಕೆಡದಿರಲೆಂದು ಬೂದಿ ಹಚ್ಚಿಕೊಂಡು ಏಣಿ ಇಳಿಯುತ್ತೇನೆ. ಒಂದೇ ಜಾಗದ, ಒಂದೇ ದಿನದ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದುವುದು ನನ್ನ ಕೆಲಸ. ನಿಮ್ಮ ಕಾಲದವರು ಬರೆದಿಡುವುದರಲ್ಲಿ ಗಟ್ಟಿಗರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದರಲ್ಲಿ ಮಾತ್ರ ಅಷ್ಟಕ್ಕಷ್ಟೆ.

ಹೋದ ವಾರ ನಿಮ್ಮ ಕೇಂದ್ರದ ಎರಡು ಪುಸ್ತಕ ಸಿಕ್ಕವು. ಬಾಲನಿಲಯಗಳಲ್ಲಿ ಮಕ್ಕಳಾಗಿದ್ದಾಗ ಹಿಂಸೆ ಉಂಡವರಿಗೆ ನೆರವಾಗಲೆಂದು ತೆರೆದ ಕೇಂದ್ರವಲ್ಲವೇ ನಿಮ್ಮದು? ಮೊದಲನೆಯದು ನಿಮ್ಮ ಸಮಾಲೋಚನೆ ರಿಜಿಸ್ಟರು. ಫಕೀರವ್ವ, ವಯಸ್ಸು ನಲವತ್ತೊಂದು. ಅವರ ಹೆಸರಿನ ಮುಂದೆ ನಿಮ್ಮ ದುಂಡು ಅಕ್ಷರದಲ್ಲಿ ಎರಡು ಗುರುವಾರ 'ಗೈರುಹಾಜರಿ' ಎಂದಿದೆ. ಕೆಳಗೆ ಪೆನ್ಸಿಲಿನಲ್ಲಿ, 'ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಕಾಯೋಣ' ಎಂದು ಬರೆದಿದ್ದೀರಿ. ಅದನ್ನು ಓದಿ ನೀವು ನನಗೆ ಇಷ್ಟವಾದಿರಿ. ಆದರೆ ನಿಮ್ಮ ನಿಯಮದ ಪ್ರಕಾರ ಮೂರು ಸಲ ಗೈರಾದವರ ಕಡತಕ್ಕೆ 'ನಿರಾಸಕ್ತಿ' ಎಂಬ ಮೊಹರು ಬಿದ್ದು ಅದು ಮುಚ್ಚಿಹೋಗುತ್ತದೆ.

ಎರಡನೆಯದು ಕಾವಲುಗಾರ ದಾವಲಸಾಬರ ಗೇಟು ಪುಸ್ತಕ. ಅದು ಅವರನ್ನು ಕಾವಲಿಗೆ ಕಳಿಸಿದ ಏಜೆನ್ಸಿಗೆ ಹೋಗುತ್ತಿತ್ತು, ನಿಮ್ಮದು ಇಲಾಖೆಗೆ. ಎರಡೂ ಮುಖಾಮುಖಿಯಾದದ್ದು ನನ್ನ ಮೇಜಿನ ಮೇಲೆಯೇ. ಒಳಗೆ ಬಾರದವರನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಆ ಪುಣ್ಯಾತ್ಮ ಅಂಚಿನಲ್ಲಿ ಬರೆದಿದ್ದಾರೆ: 'ಹತ್ತಕ್ಕ ಫಕೀರವ್ವ ಅಂತ ಒಬ್ರು ಅಕ್ಕಾರು ಬಂದ್ರು. ಒಳಗ ಬರ್ರಿ ಅಂದೆ. ಮೆಟ್ಟಲಾ ಅವ ಅದಾವೇನ್ರಿ ಅಂತ ಕೇಳಿದ್ರು. ಹೌದ್ರಿ, ಬಣ್ಣ ಅಷ್ಟ ಹೊಸಾದು ಅಂದೆ. ನೀರು ಕುಡದು, ಹನ್ನೊಂದೂವರಿತನಕ ನಿಂತು ಹೋದ್ರು.' ಎರಡನೇ ಗುರುವಾರ: 'ಅದ ಅಕ್ಕಾರು. ಇವತ್ತೂ ಒಳಗ ಬರಲಿಲ್ಲ. ಬಸ್ಸಿಗೆ ಹೋದ್ರು.'

ಅಂದರೆ ಆಕೆ ಎರಡೂ ಸಲ ಬಂದಿದ್ದರು, ಮೇಡಂ. ನನಗೆ ತಡೆಯಲಾಗದ ಕುತೂಹಲ ಹುಟ್ಟಿತು. ಗೇಟಿನ ತನಕ ಬಂದವರು ಇಪ್ಪತ್ತು ಹೆಜ್ಜೆ ಒಳಗೆ ಏಕೆ ಬರಲಿಲ್ಲ? ರಿಜಿಸ್ಟರಿನ ಕೊನೆಗೆ ಅಂಟಿಸಿದ ಲಕೋಟೆಯಲ್ಲಿ ಅವರ ಅರ್ಜಿಯಿತ್ತು, ಅಂಟು ಬಿಚ್ಚಿರಲಿಲ್ಲ. ಅರ್ಜಿದಾರರು ಎದುರು ಬಂದು ಕೂತ ಮೇಲೆಯೇ ಲಕೋಟೆ ತೆರೆಯಬೇಕು, ಬೇರೆಯವರ ಕಣ್ಣಿಗೆ ಅದು ಬೀಳಬಾರದು ಎಂಬುದು ನಿಮ್ಮ ನಿಯಮ. ಒಳ್ಳೆಯ ಮನಸ್ಸಿನ ನಿಯಮವೇ. ಇನ್ನೂರು ವರ್ಷದ ಮೇಲೆ ನಾನು ತೆರೆದೆ. 'ಒಂಬತ್ತು ವರ್ಷದಾಕಿ ಇದ್ದಾಗಿಂದ ಐದು ವರ್ಷ ಆ ನಿಲಯದಾಗ ಇದ್ದೆ. ಮೆಟ್ಟಲ ಮ್ಯಾಲಿನ ಎರಡನೇ ಖೋಲಿಗೆ ದೊಡ್ಡ ಸಾಹೇಬರು ಕರಸತಿದ್ರು. ಯಾರ ಮುಂದೂ ಹೇಳಿಲ್ಲ. ಒಬ್ಬರ ಮುಂದರ ಹೇಳಬೇಕು.'

ನಿಮ್ಮ ಕೇಂದ್ರ ಇರುವುದು ಆ ನಿಲಯದ ಕಟ್ಟಡದಲ್ಲಿಯೇ. ನಿಲಯ ಮುಚ್ಚಿ ಖಾಲಿ ಬಿದ್ದಿತ್ತು, ಬೇರೆ ಕಡೆ ಹುಡುಕುವ ತಾಪತ್ರಯ ತಪ್ಪಿತು ಎಂದು ಕೇಂದ್ರ ತೆರೆದ ಸರ್ಕಾರಿ ಆದೇಶದಲ್ಲಿದೆ. ಸಮಾಲೋಚನೆಗೆ ಗಾಳಿ ಬೆಳಕು ಚೆನ್ನಾಗಿರುವ ಕೋಣೆಯನ್ನೇ ಆರಿಸಿದ್ದೀರಿ: ಮೆಟ್ಟಿಲ ಮೇಲಿನ ಎರಡನೆಯದು. ಗೋಡೆಗೆ ಗಿಳಿಯ ಚಿತ್ರ ಬರೆಸಿದ್ದೀರಿ. ಅಷ್ಟು ಜನ ಅಧಿಕಾರಿಗಳಲ್ಲಿ, ಅಷ್ಟು ಸಹಿಗಳಲ್ಲಿ, ಒಬ್ಬರಿಗೂ ಹೊಳೆಯಲಿಲ್ಲವೇ? ಬೈಯುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಈ ಪ್ರಶ್ನೆ ಹಿಡಿದು ಮೂರು ದಿನ ಊಟ ರುಚಿಸಲಿಲ್ಲ. ಒಮ್ಮೆ ಏಣಿಯ ಮೇಲೆಯೇ ಕೂತು ಅತ್ತೆ.

ನಮ್ಮಲ್ಲಿ ತಾವುಕೇಳಿಕೆ ಎಂಬ ಪದ್ಧತಿಯಿದೆ. ನೊಂದವರು ಬಂದರೆ ಹೆಸರಿಗಿಂತ ಮುಂಚೆ 'ಎಲ್ಲಿ ಕೂರೋಣ' ಎಂದು ಕೇಳುತ್ತೇವೆ. ಕೆಲವರು ಕೆರೆ ಏರಿ ಎನ್ನುತ್ತಾರೆ, ಕೆಲವರು ಗದ್ದಲದ ಸಂತೆ. ಒಬ್ಬರು ಕ್ಷೌರದ ಅಂಗಡಿ ಎಂದರು. ಕೇಳುವವರು ಪಾಪ ನಾಲ್ಕು ಸಲ ಗಡ್ಡ ಮಾಡಿಸಿಕೊಂಡು ಬಂದರು. ಇದನ್ನು ಯಾರು ಮೊದಲು ಶುರುಮಾಡಿದರೋ ನಮಗೆ ತಿಳಿಯದು.

ನಿಮ್ಮ ರಿಜಿಸ್ಟರಿನ ಮೂರನೇ ಗುರುವಾರವನ್ನು ಗೆದ್ದಲು ತಿಂದಿದೆ. ಅಂದು ಏನು ನಡೆಯಿತೆಂದು ನನಗೆ ಗೊತ್ತಿಲ್ಲ, ನಿಮಗೂ ಇನ್ನೂ ಗೊತ್ತಿಲ್ಲ, ಏಕೆಂದರೆ ಈ ಹಿನ್ನೋಲೆ ನಿಮ್ಮ ಕೈಸೇರುವುದು ಬುಧವಾರ, ಅದು ನಿಮಗೆ ನಾಳೆ. ಹತ್ತು ಗಂಟೆಗೆ ಕುರ್ಚಿ ಬಿಟ್ಟೇಳಿ. ಮೆಟ್ಟಿಲಿಳಿದು ಗೇಟಿನಾಚೆ ಹೋಗಿ. ಒಳಗೆ ಕರೆಯಬೇಡಿ, ಸಹಿ ಕೇಳಬೇಡಿ. ಎಲ್ಲಿ ಕೂರೋಣವೆಂದು ಅವರನ್ನೇ ಕೇಳಿ. ಅವರು ಏನೂ ಹೇಳದೆ ಬಸ್ಸು ಹತ್ತಿದರೆ, ನೀವೂ ಹತ್ತಿ.

ನೇಸರಿ