ಮಾಳಿಗೆಯ ಮೇಲಿನ ಮಡಿ ಪಾತ್ರೆ

ಜಮಖಂಡಿ
೩೧ ಜನವರಿ ೨೦೨೫

ಚಿ. ಸೌ. ಕೇತಕಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ನನ್ನ ರೂಢಿ. ಈ ಸಲ ಆ ಸಾಲಿನ ಹತ್ತಿರ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದುಬಿಟ್ಟೆ. ತಡವಾಗಿದ್ದಕ್ಕೆ ಅದೇ ಕಾರಣ, ಬೇಸರ ಮಾಡಿಕೊಳ್ಳಬೇಡ. ಫೋನ್ ಇರುವಾಗ ಅಪ್ಪನಿಗೆ ಕಾಗದದ ಹುಚ್ಚೇಕೆ ಎಂದು ನಗಲೂ ಬೇಡ. ಫೋನಿನಲ್ಲಿ ನಾನು ಎಷ್ಟು ಮೆಲ್ಲಗೆ ಮಾತಾಡಿದರೂ ಅಡುಗೆಮನೆಯವರೆಗೆ ಕೇಳುತ್ತದೆ, ಅಡುಗೆಮನೆಯಲ್ಲಿ ನಿಮ್ಮವ್ವ ಇರುತ್ತಾಳೆ. ಅದಕ್ಕೇ ಇದನ್ನು ನಿನಗೆ ಕಳಿಸುವ ನೀರಿನ ಬಾಟಲಿಗಳ ಥರ್ಮಾಕೋಲ್ ಡಬ್ಬಿಯಲ್ಲಿ, ಮಂಜುಗಡ್ಡೆಯ ಚೀಲದ ಕೆಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುತ್ತಿದ್ದೇನೆ.

ಮೊದಲು ನಿನ್ನ ಸಂಶೋಧನೆಯ ಕೆಲಸದ ಸುದ್ದಿ. ಹಿಪ್ಪರಗಿಗೆ ಹೋಗಿ ಬ್ಯಾರೇಜಿನ ಕೆಳಗಿನ ಹೊಳೆ ನೀರು ತುಂಬಿಕೊಂಡು ಬಂದೆ. ಹಾದಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ನೀನು ಹೇಳಿಕೊಟ್ಟಿದ್ದು ಈಗ ನನಗೂ ಬಾಯಿಪಾಠ. ಹೊಲಕ್ಕೆ ಹಾಕಿದ ಯೂರಿಯಾ ಪೂರಾ ಕಬ್ಬಿನ ಹೊಟ್ಟೆಗೆ ಹೋಗುವುದಿಲ್ಲ. ಒಂದಿಷ್ಟು ನೀರಿನ ಜೊತೆ ಹಳ್ಳಕ್ಕಿಳಿದು ಹೊಳೆ ಸೇರುತ್ತದೆ, ಒಂದಿಷ್ಟು ಗಾಳಿಗೆ ಏರುತ್ತದೆ, ಕಬ್ಬಿನ ಒಣ ಎಲೆ, ಆ ರವದಿ ಸುಟ್ಟರೆ ಹೊಗೆಯ ಜೊತೆ ಇನ್ನಷ್ಟು. ಹೊಳೆಯದು ಪೂರ್ವದ ಸಮುದ್ರಕ್ಕೆ, ಚಳಿಗಾಲದ ಗಾಳಿಯದು ಪಶ್ಚಿಮಕ್ಕೆ, ನಿನ್ನ ಕಾರವಾರದ ಕಡೆಗೆ. ಅದನ್ನುಂಡು ದಂಡೆಯ ನೀರಿನಲ್ಲಿ ಪಾಚಿ ಕೊಬ್ಬುತ್ತದೆ, ಸತ್ತು ಕೊಳೆಯುವಾಗ ನೀರಿನೊಳಗಿನ ಆಕ್ಸಿಜನ್ನೆಲ್ಲ ತಿಂದುಹಾಕುತ್ತದೆ, ಮೀನುಗಳು ಬಾಯಿ ಬಿಡುತ್ತವೆ. ನೀನು ಇದನ್ನು ಹೇಳಿದಾಗ, ಸಮುದ್ರಕ್ಕೂ ಅಜೀರ್ಣವೇ ಎಂದು ಚೇಷ್ಟೆ ಮಾಡಿದ್ದೆ. ಈಗ ಆ ಬಾಯಿ ಬಿಡುವ ಮಾತನ್ನು ಚೇಷ್ಟೆಗೂ ಆಡಲಾರೆ.

ಯಾಕೆಂದು ಹೇಳುತ್ತೇನೆ. ಗಾಳಿಯಿಂದ ಬೀಳುವುದನ್ನು ಹಿಡಿಯಲು ನಿಮ್ಮ ಸಂಸ್ಥೆಯವರು ನಮ್ಮ ಮಾಳಿಗೆಯ ಮೇಲೆ ಪಾತ್ರೆ ಇಟ್ಟುಹೋದ ದಿನ ನೀನು ಫೋನ್ ಮಾಡಿದ್ದೆಯಲ್ಲ, ಆಗ ನಾನು ಬಚ್ಚಲಲ್ಲಿದ್ದೆ. ಎತ್ತಿದವಳು ನಿಮ್ಮವ್ವ. ಬೀಳಗಿಯ ಬಸವಕುಮಾರ ನಮ್ಮ ಪೈಕಿಯವನಲ್ಲ ಎಂದು ಅವಳು ನಿನ್ನ ಲಗ್ನಕ್ಕೆ ಬರದೇ ಉಳಿದಳು. ಆಮೇಲೆ ನೀವಿಬ್ಬರೂ ಮಾತಾಡಿದ್ದು ಅದೇ ಮೊದಲು. ಒಳಗೆ ಕೈ ತಾಗಬಾರದು, ಸೋಪು ಸೋಕಬಾರದು, ಮೇಲೆ ಬಗ್ಗಿ ಮಾತಾಡಬಾರದು, ನೀವು ಕೊಟ್ಟ ಶುದ್ಧ ನೀರಿನಲ್ಲೇ ತೊಳೆದು ಆ ನೀರನ್ನು ಬಾಟಲಿಗೆ ಹಾಕಬೇಕು, ಕಬ್ಬು ಸುಡುವ ಹಂಗಾಮಿನಲ್ಲಿ ದಿನಾ ಬೆಳಿಗ್ಗೆ. ಇಷ್ಟನ್ನೂ ನೀನು ಅವಳಿಗೇ ಹೇಳಿದೆ. ನಾನು ಟವೆಲ್ ಸುತ್ತಿಕೊಂಡು ಓಡಿಬರುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

“ಏನಂದ್ಲು?” ಎಂದೆ.

“ಮಡೀಲೆ ಮಾಡೋ ಕೆಲಸ ಅದ. ನಿಮ್ಮ ಕೈಲೆ ಆಗೂದಲ್ಲ ಬಿಡ್ರಿ, ನಾ ಮಾಡ್ತೇನಿ,” ಎಂದಳು.

ಮಡಿಯ ವಿಷಯದಲ್ಲಿ ನಿಮ್ಮವ್ವ ವತ್ಸಲಾಬಾಯಿಯ ಮುಂದೆ ನಿಮ್ಮ ಪ್ರಯೋಗಶಾಲೆಯೇ ಮೈಲಿಗೆ. ಮೊದಮೊದಲು ನನಗೆ ನಗುವೇ ಬಂತು. ದೇವರಮನೆಗೆ ಒದ್ದೆ ಸೀರೆ ಉಡುವುದನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿದೆ, ವಯಸ್ಸಾಯಿತೆಂದು ರೇಷ್ಮೆಯ ಪಟ್ಟೆ ಸೀರೆಗೆ ಒಪ್ಪಿಕೊಂಡಿದ್ದಳು. ದೇವರ ಹತ್ತಿರ ಪಡೆದ ರಿಯಾಯಿತಿಯನ್ನು ನಿನ್ನ ಪಾತ್ರೆಯ ಹತ್ತಿರ ಪಡೆಯಲಿಲ್ಲ. “ಪಟ್ಟೇದ ಎಳಿ ಬಿದ್ರ ಅಕೀ ಲೆಕ್ಕ ಕೆಡ್ತದ,” ಎಂದು ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಮಾಳಿಗೆ ಹತ್ತತೊಡಗಿದಳು. ನಮ್ಮ ಹಿತ್ತಲು ದಾಟಿದರೆ ಶಂಕರೆಪ್ಪನ ಕಬ್ಬು. ಸಂಜೆ ಹಚ್ಚಿದ ಬೆಂಕಿಯ ಹೊಗೆ ಮಂಜಿನ ಜೊತೆ ಬೆಳಗಿನವರೆಗೂ ಅಲ್ಲೇ ಕೂತಿರುತ್ತದೆ. ಮಾಸ್ಕ್ ತಂದುಕೊಟ್ಟೆ. “ಯಾರ್ಯಾರ ಕೈ ದಾಟಿ ಬಂದದ್ದೋ ಏನೋ,” ಎಂದು ಅದನ್ನು ಗೂಟಕ್ಕೆ ತೂಗುಹಾಕಿದಳು.

ಶಂಕರೆಪ್ಪನ ಹತ್ತಿರವೂ ಹೋಗಿ ಜಗಳ ತೆಗೆದೆ. ಪಾಪ, ಅವನು ತಿರುಗಿ ಬೀಳಲಿಲ್ಲ. “ನೀವು ಹೇಳೂದು ಖರೆ ಐತ್ರಿ ರಾಯರ. ಸುಡದಿದ್ರ ಕಡಿಯೂ ಗ್ಯಾಂಗಿನವ್ರು ಕಬ್ಬಿಗೆ ಕುಡಗೋಲ ಹಚ್ಚಂಗಿಲ್ಲ. ನನ್ನ ಎದಿನೂ ಉರೀತೈತಿ, ಯಾರ ಮುಂದ ಹೇಳ್ಲಿ?” ಎಂದು ಕೆಮ್ಮುತ್ತಲೇ ಚಹಾ ತರಿಸಿದ. ಕುಡಿದು ಬಂದೆ.

ಸಂಕ್ರಾಂತಿ ಮುಗಿದ ಮೇಲಿನ ಸೋಮವಾರ ನಿಮ್ಮವ್ವ ಮಾಳಿಗೆಯಿಂದ ಇಳಿಯುವಾಗ ಮೆಟ್ಟಿಲ ಮೇಲೇ ಕುಸಿದು ಕೂತಳು. ಪಕ್ಕದ ಮನೆಯ ಕಸ್ತೂರೆವ್ವ ಮೊದಲು ನೋಡಿದ್ದು. “ರಾಯರ, ಬಾಯಾರ ತುಟಿ ನೀಲಿ ಆಗ್ಯಾವ, ಲಗೂನ ಬರ್ರಿ!” ಎಂದು ಅವಳು ಕೂಗಿಕೊಂಡಿದ್ದು ಈಗಲೂ ಕಿವಿಯಲ್ಲಿದೆ. ಉಸಿರು ಸಿಗದೆ ಬಾಯಿ ಬಿಡುತ್ತಿದ್ದಳು ನಿಮ್ಮವ್ವ, ಕೇತಕಿ. ಹಾಗಿದ್ದೂ ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ನಾನು ಅದಕ್ಕೆ ಕೈ ಹಾಕಿದರೆ ಬಿಡಲಿಲ್ಲ, ಆಸ್ಪತ್ರೆಯ ಹಾಸಿಗೆಯವರೆಗೂ ಹಿಡಿದುಕೊಂಡೇ ಬಂದಳು.

ಮೂರು ದಿನ ಆಕ್ಸಿಜನ್ ಇಟ್ಟರು. “ಹೊಗಿ ಎದಿಯೊಳಗ ಕೂತದ ರಾಯರ. ಈ ಹಂಗಾಮ ಮುಗ್ಯೂತನಕ ಮಾಳಗಿ ಬಂದ್. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಯಾಗ ಏನೂ ಇಲ್ಲ,” ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಿನಗೆ ತಿಳಿಸಬಾರದೆಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆಣೆ ಮುರಿದು ಬರೆಯುತ್ತಿದ್ದೇನೆ, ಅದರ ಫಲ ನನಗಿರಲಿ.

ಆ ಮೂರು ದಿನ ಪಾತ್ರೆ ನೋಡಿಕೊಂಡವನು ನಾನು. ಮೂಗಿಗೆ ನಳಿಗೆ ಹಾಕಿಕೊಂಡೇ ಕೇಳಿದಳು, “ಒದ್ದಿ ಉಟ್ಟಿದ್ರೇನು?” ಹೂಂ ಅಂದೆ. ನಿನ್ನ ಹತ್ತಿರ ಸುಳ್ಳೇಕೆ, ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗಿದ್ದೆ. ಮೊದಲ ದಿನ ಪಾತ್ರೆಯ ಮೇಲೆಯೇ ಗಟ್ಟಿಯಾಗಿ ಸೀನಿದೆ. ಆ ಬಾಟಲಿಗೆ ಕೆಂಪು ದಾರ ಕಟ್ಟಿದ್ದೇನೆ, ಚೆಲ್ಲಿಬಿಡು.

ಅವಳು ಮನೆಗೆ ಬಂದ ಮರುದಿನ ಬೆಳಿಗ್ಗೆ ಮತ್ತೆ ಬಚ್ಚಲಲ್ಲಿ ನೀರಿನ ಸದ್ದು. ಮಾಳಿಗೆಯ ಬಾಗಿಲಿಗೆ ಕೀಲಿ ಹಾಕಿ ಜೇಬಿನಲ್ಲಿಟ್ಟುಕೊಂಡೆ, ಅವಳು ಊಟ ಬಿಟ್ಟಳು. ಸಂಜೆಗೆ ನಾನೇ ಸೋತು ಕೀಲಿ ಕೊಟ್ಟೆ. ನನಗೆ ಹೆದರಿಕೆಯಾಗಿದೆ ಮಗಳೇ. ಅವಳು ಕೆಮ್ಮಿದರೆ ಹೆದರಿಕೆ, ಕೆಮ್ಮು ಕೇಳದಿದ್ದರೆ ಇನ್ನೂ ಹೆದರಿಕೆ. ಮೆಟ್ಟಿಲ ಕೆಳಗೆ ಕುರ್ಚಿ ಹಾಕಿಕೊಂಡು, ಅವಳು ಇಳಿದು ಬರುವತನಕ ಕೂತಿರುತ್ತೇನೆ.

ನನ್ನ ಮಾತು ಕೇಳುವವಳಲ್ಲ, ಡಾಕ್ಟರ ಮಾತೂ ಇಲ್ಲ. ನಿನ್ನ ಮಾತು ಕೇಳುತ್ತಾಳೆ. ಕೆಲಸ ಮುಗಿಯಿತು, ಪಾತ್ರೆ ಇಳಿಸು ಎಂದು ಅವಳ ಹೆಸರಿಗೆ ಎರಡು ಸಾಲು ಬರೆದು ಹಾಕು. ವರ್ಷದ ಲೆಕ್ಕ ನಡುವೆ ತುಂಡಾದರೆ ನಿನಗೆಷ್ಟು ನಷ್ಟ ಎಂದು ಬಲ್ಲೆ. ಆದರೂ ಬರೆ.

ಇನ್ನೇನು? ಸಂಕ್ರಾಂತಿಗೆ ಕುಸುರೆಳ್ಳು ಮಾಡಿದ್ದಳು. ಒಂದು ಡಬ್ಬಿ ಬೇರೆ ತೆಗೆದಿಟ್ಟಿದ್ದಾಳೆ. ಯಾರಿಗೆ ಎಂದರೆ ಮಾತು ಹಾರಿಸುತ್ತಾಳೆ. ಬಸವಕುಮಾರನಿಗೆ ನನ್ನ ಆಶೀರ್ವಾದ ಹೇಳು. ದೋಣಿಯಲ್ಲಿ ಹೋಗುವಾಗ ಕಿವಿಗೆ ಅರಿವೆ ಕಟ್ಟಿಕೋ. ನೀವಿಬ್ಬರೂ ನೂರು ವರ್ಷ ಬಾಳಿ. ಉಸಿರು ಸರಾಗವಾಗಿರಲಿ ಎಂಬುದನ್ನೂ ಈಗ ಆಶೀರ್ವಾದದಲ್ಲಿ ಸೇರಿಸಿಕೊಂಡಿದ್ದೇನೆ.

ನಿನ್ನ ಅಪ್ಪ,
ರಾಘವೇಂದ್ರ

ತಾ.ಕ.: ಡಬ್ಬಿ ಕಟ್ಟುವಾಗ ಸಿಕ್ಕಿಬಿದ್ದೆ. ಪ್ಲಾಸ್ಟಿಕ್ಕಿನ ತುದಿ ಅವಳ ಕಣ್ಣಿಗೆ ಬಿತ್ತು. ತೆಗೆದು ಓದಲಿಲ್ಲ. “ಬಂದ್ ಮಾಡು ಅಂತ ಬರದೀರೇನು?” ಎಂದಳಷ್ಟೇ. ನಾನು ದಾರದ ಗಂಟು ಹಾಕುತ್ತಲೇ ಇದ್ದೆ. ಕೋರ್ಟಿನಲ್ಲಿ ಜೀವಮಾನವಿಡೀ ಸಾಕ್ಷಿಗಳ ಮಾತು ಬರೆದುಕೊಂಡವನು, ಅವಳು ಮುಂದೆ ಹೇಳಿದ್ದನ್ನೂ ಹೇಳಿದ ಹಾಗೆಯೇ ಬರೆಯುತ್ತೇನೆ.

“ಲಗ್ನಕ್ಕ ನಾ ಹೋಗ್ಲಿಲ್ಲ. ಆಮ್ಯಾಲೆ ಅಕಿ ನನ್ನ ಒಂದು ಹಪ್ಪಳ ಕೇಳ್ಲಿಲ್ಲ, ಉಪ್ಪಿನಕಾಯಿ ಕೇಳ್ಲಿಲ್ಲ. ಕೇಳಿದ್ದು ಇದೊಂದ. ಇದೂ ನಿಂತ್ರ ಅಕಿ ಇನ್ನ ನನ್ನ ಏನು ಕೇಳ್ತಾಳ್ರಿ?”

ಮೇಲೆ ನಾನು ಬೇಡಿಕೊಂಡಿದ್ದನ್ನು ಹೊಡೆದುಹಾಕು. ಪಾತ್ರೆ ಇಳಿಸು ಎಂದು ಈಗಲೇ ಬರೆಯಬೇಡ. ಮೊದಲು ಅವಳನ್ನು ಬೇರೆ ಏನಾದರೂ ಕೇಳು. ಹಪ್ಪಳ ಕೇಳು, ಆ ಕುಸುರೆಳ್ಳಿನ ಡಬ್ಬಿ ಕೇಳು, ಬಸವಕುಮಾರನನ್ನು ಕರೆದುಕೊಂಡು ಊಟಕ್ಕೆ ಬರಲೇನು ಎಂದು ಕೇಳು. ಬೇಗ ಕೇಳು. ಹಿಂದಿನ ಹೊಲದಲ್ಲಿ ಸುಡುವ ಕಬ್ಬು ಇನ್ನೂ ಅರ್ಧ ನಿಂತಿದೆ.