ಇಳಿಯಲೊಂದು ಹೊಲ

ಅಪ್ಪಾ,

ನಾಳೆ ಬೆಳಿಗ್ಗೆ ನನಗೆ ವಿಮಾನ ಹಾರಿಸುವ ಪರೀಕ್ಷೆ. "ನೆರಳು ಕಂಡ್ರೂ ಹೆದರ್ತಾಳೆ, ಓದಿ ಏನು ಕಡಿದು ಕಟ್ಟೆ ಹಾಕ್ತಾಳೆ" ಎಂದು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿದಿರಲ್ಲ, ಅದೇ ಪುಕ್ಕಲಿಗೆ. ಆ ಓದನ್ನು ನೀವು ತೀರಿಕೊಂಡ ಮೇಲೆ ಮುಗಿಸಿದೆ.

ಇವತ್ತು ಕೊನೆಯ ಅಭ್ಯಾಸವಿತ್ತು. ಎರಡು ಸಾವಿರ ಅಡಿ ಮೇಲೆ ಮೇಷ್ಟ್ರು ಹೇಳದೆ ಕೇಳದೆ ಇಂಜಿನ್ನಿನ ವೇಗ ಪೂರ್ತಿ ಇಳಿಸಿ, "ಇಂಜಿನ್ ಕೆಟ್ಟಿತು ಅಂದ್ಕೋಮ್ಮ. ಎಲ್ಲಿ ಇಳಿಸ್ತೀಯ?" ಅಂದರು. ಅವರ ಮಾತು ಮುಗಿಯುವಷ್ಟರಲ್ಲಿ ನಾನು ಎಡಗಡೆಯ ಕೊಯ್ಲಾದ ಹೊಲದತ್ತ ತಿರುಗಿಸಿದ್ದೆ.

"ಇಷ್ಟು ಬೇಗ ಹೇಗೆ ಸಿಕ್ತು?"

"ಹತ್ತಿದಾಗಿಂದ ಅದನ್ನೇ ಹುಡುಕ್ತಿದ್ದೀನಿ ಸಾರ್. ಎಲ್ಲಿ ಬಿದ್ದುಬಿಡ್ತೀವೋ ಅಂತ ಜೀವ ಹೊಡ್ಕೊಳ್ತಾನೇ ಇರುತ್ತೆ."

ಅವರು ನಕ್ಕರು. "ಧೈರ್ಯವಂತರಿಗೆ ಇದನ್ನ ಕಲಿಸೋಕೆ ಹೋಗಿ ನನ್ನ ಗಂಟಲು ಹರಿದುಹೋಗಿದೆ ಕಣಮ್ಮ."

ಕೇಳಿಸಿತೇ? ನೀವು ನಾಲ್ಕು ಜನರ ಮುಂದೆ ಆಡಿಕೊಂಡ ಭಯಕ್ಕೇ ಅವರು ಸೈ ಅಂದರು. ನಾಳೆಯೂ ಹೆದರಿಕೆಯಾಗುತ್ತದೆ, ಆಗಲಿ. ನಾನು ಹೋಗಿಯೇ ಹೋಗುತ್ತೇನೆ.

ಪಾಸಾದರೆ ಪಕ್ಕದ ಸೀಟಿನಲ್ಲಿ ಮೊದಲು ಯಾರನ್ನು ಕೂರಿಸುತ್ತೀ ಎಂದು ಅಮ್ಮ ಕೇಳಿದಳು. "ನಿನ್ನನ್ನೇ" ಅಂದೆ. ಮೊದಲು ನೆನಪಾದದ್ದು ಮಾತ್ರ ನೀವು.